ಆತ್ಮಸಾಕ್ಷಿ ವಕೀಲನಲ್ಲ, ಸಾಕ್ಷಿ



2024ರ ಅಕ್ಟೋಬರ್ ತಿಂಗಳು. ಜಪಮಾಲೆಯ ತಿಂಗಳಾದ್ದರಿಂದ ದೇವಾಲಯದಲ್ಲಿ ಸಂಜೆ ಎಲ್ಲರೂ ಸೇರಿ ಜಪಸರ ಹೇಳಿ ಮನೆಗಳಿಗೆ ಹೊರಟಿದ್ದರು. ಒಬ್ಬ ತಾಯಿ ಮಾತ್ರ ಗುರುನಿವಾಸದ ಮೆಟ್ಟಿಲ ಬಳಿ ನಿಂತೇ ಇದ್ದರು. ಎಪ್ಪತ್ತರ ವಯಸ್ಸು. ಪತಿ ತೀರಿಕೊಂಡು ಕೆಲವು ವರ್ಷಗಳಾಗಿವೆ. ಮಗ, ಮಗಳು ಇಬ್ಬರೂ ಅಮೆರಿಕದಲ್ಲಿ ನೆಲೆಸಿ ಅಲ್ಲಿನ ಪೌರತ್ವ ಪಡೆದವರು.

"ಸ್ತೋತ್ರ ಸ್ವಾಮಿ. ಒಂದು ಮಾತು ಕೇಳಬೇಕಿತ್ತು" ಎಂದರು.

ಪ್ರತಿ ಭಾನುವಾರ ರಾತ್ರಿ ತಾಯಿ, ಮಗ, ಮಗಳು ಮೂವರೂ ಒಂದೇ ಕರೆಯಲ್ಲಿ ಮಾತಾಡುವುದು ಆ ಮನೆಯ ರೂಢಿ. ಆದರೆ ಮೂರು ವಾರಗಳಿಂದ ಅದು ನಿಂತುಹೋಗಿತ್ತು. ಕಾರಣ ಆಸ್ತಿಯಲ್ಲ, ಹಣವಲ್ಲ. ಅಮೆರಿಕದ ಅಧ್ಯಕ್ಷರ ಚುನಾವಣೆ. ಮಗ ಡೊನಾಲ್ಡ್ ಟ್ರಂಪ್ ಅವರಿಗೆ ಮತ ಹಾಕುವವನು. ಗರ್ಭದಲ್ಲಿರುವ ಕೂಸಿನ ಪರವಾಗಿ ನಿಲ್ಲದ ಪಕ್ಷಕ್ಕೆ ತಾನು ಹೇಗೆ ಮತ ಕೊಡಲಿ ಎಂಬುದು ಅವನ ಮಾತು. ಮಗಳು ಕಮಲಾ ಹ್ಯಾರಿಸ್ ಅವರಿಗೆ ಮತ ಹಾಕುವವಳು. ಹೊಟ್ಟೆಪಾಡಿಗಾಗಿ ಗಡಿ ದಾಟಿ ಬಂದ ಬಡವರನ್ನು ಹೊರಗಟ್ಟುತ್ತೇನೆ ಎನ್ನುವವರಿಗೆ ತಾನು ಹೇಗೆ ಮತ ಕೊಡಲಿ ಎಂಬುದು ಅವಳ ಮಾತು. ಇಬ್ಬರೂ ಯೇಸುಸ್ವಾಮಿಯ ಹೆಸರನ್ನೇ ಎತ್ತಿದರು. ಇಬ್ಬರೂ ಒಬ್ಬರನ್ನೊಬ್ಬರು 'ನೀನೆಂಥ ಕ್ರೈಸ್ತ' ಎಂದು ಕೇಳಿದರು. ಅಲ್ಲಿಗೆ ಮಾತು ನಿಂತಿತು. ಈಗ ಅಣ್ಣ ಬೇರೆ ಕರೆ ಮಾಡುತ್ತಾನೆ, ತಂಗಿ ಬೇರೆ ಕರೆ ಮಾಡುತ್ತಾಳೆ.

"ಯಾರು ಸರಿ ಅಂತ ತಾವೇ ಹೇಳಿಬಿಡಿ ಸ್ವಾಮಿ. ಸ್ವಾಮಿಯೋರು ಹೇಳಿದ್ರು ಅಂತ ಇಬ್ಬರಿಗೂ ಹೇಳ್ತೀನಿ. ಜಗಳ ಮುಗೀತದೆ" ಎಂದರು ಆ ತಾಯಿ.

ಪ್ರಿಯರೇ, ಆ ವಿಷಯದಲ್ಲಿ ನನಗೂ ಒಂದು ಅಭಿಪ್ರಾಯವಿತ್ತು. ಆದರೂ ನಾನು ಹೇಳಲಿಲ್ಲ. ಧೈರ್ಯವಿಲ್ಲದೆ ಸುಮ್ಮನಿದ್ದೆನೆಂದು ತಿಳಿಯಬೇಡಿ. ಬಹಳ ವರ್ಷಗಳ ಹಿಂದೆ ನಾನೇ ಮಾಡಿದ ಒಂದು ತಪ್ಪು ನನ್ನ ಬಾಯಿ ಕಟ್ಟಿತು. ಅದನ್ನು ಮೊದಲು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

ನಾನು ಗುರುದೀಕ್ಷೆ ಪಡೆದು ಸಹಾಯಕ ಗುರುವಾಗಿದ್ದ ಮೊದಲ ವರ್ಷಗಳು. ಊರಿನಲ್ಲಿ ಸ್ಥಳೀಯ ಚುನಾವಣೆ ನಡೆಯಿತು. ಇಬ್ಬರು ಅಭ್ಯರ್ಥಿಗಳಲ್ಲಿ ಒಬ್ಬರು ನಮ್ಮ ಶಾಲೆಗೆ, ದೇವಾಲಯಕ್ಕೆ ಬೇಕಾದವರು. ನಾನು ಭಾನುವಾರದ ಪ್ರಬೋಧನೆಯಲ್ಲಿ ಹೆಸರು ಹೇಳದೆಯೇ, ಯಾರಿಗೆ ಹಾಕಬೇಕೆಂದು ಎಲ್ಲರಿಗೂ ತಿಳಿಯುವಂತೆ ಹೇಳಿದೆ. ಚುನಾವಣೆ ಮುಗಿದ ವಾರ ಒಬ್ಬ ವೃದ್ಧೆ ಬಂದು, "ಸ್ವಾಮಿ, ತಾವು ಹೇಳಿದವರಿಗೇ ಹಾಕಿದೆ" ಎಂದರು. ನನಗೆ ಒಳಗೊಳಗೇ ಹಿಗ್ಗಾಯಿತು. ಆಕೆ ಮುಂದುವರಿಸಿದರು: "ಆದ್ರೆ ನಾನು ಹಾಕಬೇಕು ಅಂದ್ಕೊಂಡಿದ್ದು ಇನ್ನೊಬ್ಬರಿಗೆ. ನಮ್ಮ ಬೀದಿಗೆ ನೀರು ಬರೋಕೆ ಓಡಾಡಿದವರು ಅವರೇ. ತಮ್ಮ ಮಾತು ಮೀರಿದ್ರೆ ಪಾಪ ಆಗುತ್ತೋ ಏನೋ ಅಂತ ಭಯವಾಯ್ತು. ಈಗ ಅವರು ಎದುರಿಗೆ ಸಿಕ್ಕರೆ ಮುಖ ಎತ್ತೋಕಾಗಲ್ಲ. ಇದಕ್ಕೆ ಪಾಪನಿವೇದನೆ ಮಾಡ್ಬೇಕಾ ಸ್ವಾಮಿ?"

ಅಂದು ಪಾಪನಿವೇದನೆ ಮಾಡಬೇಕಾಗಿದ್ದವನು ನಾನು. ಆ ಬಡ ತಾಯಿಗೆ ದೇಶ ಕೊಟ್ಟದ್ದು ಒಂದೇ ಒಂದು ಮತ. ಅವರು ಅದನ್ನು ಕಣ್ಣಾರೆ ಕಂಡ ಒಳಿತಿಗಾಗಿ ಕೊಡಲು ಸಿದ್ಧರಾಗಿದ್ದರು. ನಾನು ದೇವರ ಭಯವನ್ನು ಮುಂದಿಟ್ಟು ಅದನ್ನು ಕಸಿದುಕೊಂಡೆ. ಗುರುಮಠದಲ್ಲಿ ನೀತಿ ದೈವಶಾಸ್ತ್ರದ ಪಾಠ ಕೇಳಿ, ಪರೀಕ್ಷೆಯಲ್ಲಿ ಆತ್ಮಸಾಕ್ಷಿಯ ಬಗ್ಗೆ ಪುಟಗಟ್ಟಲೆ ಬರೆದವನು ನಾನು. ಆದರೆ ಆತ್ಮಸಾಕ್ಷಿ ಎಂದರೇನೆಂಬುದನ್ನು ನನಗೆ ಕಲಿಸಿದವರು ಆ ವೃದ್ಧೆ.

ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಇಂದಿನ ಜಗತ್ತಿನಲ್ಲಿ ಧರ್ಮಸಭೆಯ ಸ್ಥಾನವನ್ನು ಕುರಿತು ಒಂದು ದೊಡ್ಡ ಪ್ರಮಾಣಪತ್ರವನ್ನು ಹೊರಡಿಸಿತು. ಲೌಕಿಕ ವಿಷಯಗಳಲ್ಲಿ ಏಳುವ ಪ್ರತಿಯೊಂದು ಪ್ರಶ್ನೆಗೂ ಗುರುಗಳ ಬಳಿ ಸಿದ್ಧ ಉತ್ತರವಿರುತ್ತದೆಂದು ಶ್ರೀಸಾಮಾನ್ಯರು ಭಾವಿಸಬಾರದೆಂದು ಅದರಲ್ಲಿ ತಿಳಿಸಿದೆ. ಒಂದೇ ವಿಶ್ವಾಸದಲ್ಲಿರುವ ಪ್ರಾಮಾಣಿಕ ಜನ ಒಂದೇ ವಿಷಯದಲ್ಲಿ ಬೇರೆ ಬೇರೆ ತೀರ್ಮಾನಕ್ಕೆ ಬರಬಹುದು. ಆಗ ಯಾರೊಬ್ಬರೂ ತಮ್ಮ ಅಭಿಪ್ರಾಯಕ್ಕೆ ಧರ್ಮಸಭೆಯ ಅಧಿಕಾರದ ಮುದ್ರೆ ಒತ್ತಿಕೊಳ್ಳಬಾರದು ಎಂದೂ ಹೇಳಿದೆ. ನಾನು ಅಂದು ಪೀಠದಿಂದ ಒತ್ತಿದ್ದು ಇದೇ ಮುದ್ರೆಯನ್ನು. ಅಮೆರಿಕದಲ್ಲಿ ಆ ಅಣ್ಣತಂಗಿಯರು ಒಬ್ಬರ ಮೇಲೊಬ್ಬರು ಒತ್ತುತ್ತಿದ್ದದ್ದೂ ಇದೇ ಮುದ್ರೆಯನ್ನು.

ಹಾಗಾದರೆ ಆತ್ಮಸಾಕ್ಷಿಯಂತೆ ಆರಿಸುವುದೆಂದರೆ ಏನು? ಆ ಸಂಜೆ ಮೆಟ್ಟಿಲ ಮೇಲೆ ಕುಳಿತು ಆ ತಾಯಿಗೆ ನಮ್ಮ ದೇಶದ್ದೇ ಒಂದು ಕಥೆಯನ್ನು ನೆನಪಿಸಿದೆ. ಅದು ನಡೆದಾಗ ನಾನಿನ್ನೂ ಹುಟ್ಟಿರಲಿಲ್ಲ. ಅವರು ಹೈಸ್ಕೂಲಿನಲ್ಲಿದ್ದ ಹುಡುಗಿ.

ನಮ್ಮಲ್ಲಿ ರಾಷ್ಟ್ರಪತಿಯನ್ನು ಜನರು ನೇರವಾಗಿ ಆರಿಸುವುದಿಲ್ಲ. ಚುನಾಯಿತ ಸಂಸತ್ ಸದಸ್ಯರು ಹಾಗೂ ರಾಜ್ಯಗಳ ಚುನಾಯಿತ ಶಾಸಕರು ಗುಪ್ತ ಮತದಾನದಿಂದ ಆರಿಸುತ್ತಾರೆ. ಅವರು ಒಬ್ಬರ ಹೆಸರಿನ ಮುಂದೆ ಗುರುತು ಹಾಕಿ ಮುಗಿಸುವುದಿಲ್ಲ. ಒಂದು, ಎರಡು, ಮೂರು ಎಂದು ಪ್ರಾಶಸ್ತ್ಯದ ಸಂಖ್ಯೆಗಳನ್ನು ಬರೆಯುತ್ತಾರೆ. 1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ಅವರು ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಉಪರಾಷ್ಟ್ರಪತಿ ವಿ. ವಿ. ಗಿರಿಯವರು ಹಂಗಾಮಿ ರಾಷ್ಟ್ರಪತಿಯಾದರು. ಈ ಗಿರಿಯವರು ನಮಗೆ ಅಪರಿಚಿತರಲ್ಲ. 1965ರಿಂದ 1967ರವರೆಗೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು, ಕಾರ್ಮಿಕರ ನಾಯಕರು.

ಆ ಜುಲೈ ತಿಂಗಳಲ್ಲಿ ಕಾಂಗ್ರೆಸ್ ಪಕ್ಷದ ಸಭೆ ಬೆಂಗಳೂರಿನಲ್ಲಿ ಸೇರಿತು. ಲಾಲ್‌ಬಾಗಿನ ಗಾಜಿನ ಮನೆ ಅಧಿವೇಶನದ ಮಂಟಪವಾಯಿತು. ಪಕ್ಷದ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪನವರು, ಪ್ರಧಾನಿ ಇಂದಿರಾ ಗಾಂಧಿಯವರು. ಲೋಕಸಭೆಯ ಅಧ್ಯಕ್ಷರಾಗಿದ್ದ ನೀಲಂ ಸಂಜೀವ ರೆಡ್ಡಿಯವರು ಪಕ್ಷದ ಅಭ್ಯರ್ಥಿಯಾಗಬೇಕೆಂದು ಪಕ್ಷದ ಸಂಸದೀಯ ಮಂಡಳಿ ತೀರ್ಮಾನಿಸಿತು. ಪ್ರಧಾನಿಯವರ ಮನಸ್ಸಿನಲ್ಲಿದ್ದದ್ದು ಬೇರೆ ಹೆಸರು. ಆದರೂ ರೆಡ್ಡಿಯವರ ನಾಮಪತ್ರಕ್ಕೆ ಅವರೇ ಸಹಿ ಹಾಕಿದರು. ಗಿರಿಯವರು ಹುದ್ದೆಗೆ ರಾಜೀನಾಮೆ ಕೊಟ್ಟು ಸ್ವತಂತ್ರ ಅಭ್ಯರ್ಥಿಯಾಗಿ ನಿಂತರು. ಸ್ವತಂತ್ರ ಪಕ್ಷ ಮತ್ತು ಜನಸಂಘದ ಬೆಂಬಲದಿಂದ ಹಿಂದಿನ ಹಣಕಾಸು ಸಚಿವ ಸಿ. ಡಿ. ದೇಶಮುಖರು ನಿಂತರು. ಅದೇ ದಿನಗಳಲ್ಲಿ, ಜುಲೈ 19ರಂದು, 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ("ಹೌದು ಸ್ವಾಮಿ, ಬ್ಯಾಂಕಿನ ವಿಷಯ ನಮ್ಮಪ್ಪ ರೇಡಿಯೋದಲ್ಲಿ ಕೇಳಿ ಬಂದು ಹೇಳಿದ್ರು" ಎಂದು ಆ ತಾಯಿ ನಡುವೆ ಹೇಳಿದರು.)

ಪಕ್ಷದ ಅಧ್ಯಕ್ಷರು ಎರಡನೇ ಪ್ರಾಶಸ್ತ್ಯದ ಮತಗಳಿಗಾಗಿ ವಿರೋಧ ಪಕ್ಷಗಳ ನಾಯಕರೊಡನೆ ಮಾತಾಡಿದರು. ಪ್ರಧಾನಿಯವರ ಕಡೆಯವರು ಅದನ್ನು ಮುಂದಿಟ್ಟು, ಸದಸ್ಯರು ಪಕ್ಷದ ಅಪ್ಪಣೆಗೆ ಕಟ್ಟುಬೀಳದೆ ಆತ್ಮಸಾಕ್ಷಿಯಂತೆ ಮತ ಹಾಕಲಿ ಎಂದರು. 'ಆತ್ಮಸಾಕ್ಷಿಯ ಮತ' ಎಂಬ ಮಾತು ಪತ್ರಿಕೆಗಳಿಂದ ಚಹಾದಂಗಡಿಯವರೆಗೆ ಬಂದದ್ದು ಆಗ. ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಗೆಲ್ಲಲು ಬೇಕಾಗಿದ್ದ ಮತಮೌಲ್ಯ 4,18,169. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಯಾರೂ ಗುರಿ ಮುಟ್ಟಲಿಲ್ಲ. ಮುಂದಿನ ಪ್ರಾಶಸ್ತ್ಯಗಳನ್ನು ಎಣಿಸಿದರು. ಅವುಗಳಲ್ಲಿ ಹೆಚ್ಚಿನವು ರೆಡ್ಡಿಯವರಿಗೇ ಬಿದ್ದವು. ಆದರೂ ಗಿರಿಯವರು 4,20,077 ಮುಟ್ಟಿ ಗೆದ್ದರು, ರೆಡ್ಡಿಯವರು 4,05,427ಕ್ಕೆ ನಿಂತರು. ಅದೇ ನವೆಂಬರ್‌ನಲ್ಲಿ ಕಾಂಗ್ರೆಸ್ ಪಕ್ಷವೇ ಎರಡಾಯಿತು.

ಪ್ರಿಯರೇ, ಈ ಕಥೆಯಲ್ಲಿ ಯಾರು ಸರಿ, ಯಾರು ತಪ್ಪು ಎಂದು ಇಂದಿಗೂ ವಾದಿಸುವವರಿದ್ದಾರೆ. ನನ್ನ ಮನಸ್ಸನ್ನು ಹಿಡಿದದ್ದು ಬೇರೊಂದು. ಅಂದು ಆತ್ಮಸಾಕ್ಷಿ ಎಂಬ ಒಂದೇ ಪದದ ಅಡಿಯಲ್ಲಿ ಎಷ್ಟು ಬಗೆಯ ಜನ ನಿಂತಿದ್ದರು! ಗಿರಿಯವರೇ ಯೋಗ್ಯರೆಂದು ನಿಜವಾಗಿ ನಂಬಿ ಪಕ್ಷದ ಸಿಟ್ಟಿಗೆ ಹೆದರದೆ ಮತ ಹಾಕಿದವರಿದ್ದಿರಬಹುದು. ಪಕ್ಷಕ್ಕೆ ಕೊಟ್ಟ ಮಾತು ತಪ್ಪಬಾರದೆಂದು, ಲಾಭವಿಲ್ಲದಿದ್ದರೂ ರೆಡ್ಡಿಯವರಿಗೆ ಹಾಕಿದವರಿದ್ದಿರಬಹುದು. ಅವರದ್ದೂ ಆತ್ಮಸಾಕ್ಷಿಯೇ. ಇನ್ನು, ಗಾಳಿ ಯಾವ ಕಡೆಗೆ ಬೀಸುತ್ತದೆಂದು ನೋಡಿ, ಅದಕ್ಕೆ ಆತ್ಮಸಾಕ್ಷಿ ಎಂದು ಹೆಸರಿಟ್ಟವರೂ ಇದ್ದಿರಬಹುದು. ಮತಪತ್ರದಲ್ಲಿ ಮೂವರ ಗುರುತೂ ಒಂದೇ ರೀತಿ ಕಾಣುತ್ತದೆ. ವ್ಯತ್ಯಾಸ ತಿಳಿದವನು ಹೃದಯಗಳನ್ನು ಬಲ್ಲ ದೇವರೊಬ್ಬನೇ.

ನಮ್ಮ ಕನ್ನಡದ ಪದವನ್ನೇ ಒಮ್ಮೆ ಗಮನಿಸಿ. ಆತ್ಮ'ಸಾಕ್ಷಿ' ಎನ್ನುತ್ತೇವೆ. ಕೋರ್ಟಿನಲ್ಲಿ ಸಾಕ್ಷಿಯ ಕೆಲಸವೇನು? ಕಂಡದ್ದನ್ನು ಕಂಡಂತೆ ಹೇಳುವುದು. ವಕೀಲನ ಕೆಲಸ ಬೇರೆ. ಕಕ್ಷಿಗಾರನಿಗೆ ಬೇಕಾದ ತೀರ್ಪನ್ನು ಮೊದಲು ಮನಸ್ಸಿನಲ್ಲಿಟ್ಟುಕೊಂಡು, ಅದಕ್ಕೆ ತಕ್ಕ ವಾದಗಳನ್ನು ಅವನು ಆಮೇಲೆ ಹುಡುಕುತ್ತಾನೆ. ವಕೀಲರನ್ನು ನಾನು ಹಳಿಯುತ್ತಿಲ್ಲ. ಅದು ಅವರ ವೃತ್ತಿ. ಆದರೆ ನಮ್ಮೊಳಗೆ ದೇವರು ಇರಿಸಿರುವುದು ಸಾಕ್ಷಿಯನ್ನು, ವಕೀಲನನ್ನಲ್ಲ. ನಾವೋ, ಸಾಕ್ಷಿಯನ್ನು ಕಟಕಟೆಯಿಂದ ಇಳಿಸಿ, ಅವನಿಗೆ ಕರಿಕೋಟು ತೊಡಿಸಿ, 'ನನ್ನ ಪರವಾಗಿ ವಾದಿಸು' ಎನ್ನುತ್ತೇವೆ. ನನ್ನ ಜಾತಿಯವನು, ನನ್ನ ಭಾಷೆಯವನು, ನನಗೆ ಕೆಲಸ ಮಾಡಿಕೊಟ್ಟವನು, ಅಥವಾ ನನಗೆ ಆಗದವನಿಗೆ ಆಗದವನು ಎಂದು ಮೊದಲೇ ತೀರ್ಮಾನಿಸಿ, ಆಮೇಲೆ ಅದಕ್ಕೆ ಶುಭಸಂದೇಶದ ವಾಕ್ಯ ಹುಡುಕುತ್ತೇವೆ. ಸಿಕ್ಕಿಯೂ ಸಿಗುತ್ತದೆ. ಯೇಸುವನ್ನು ಶೋಧಿಸಿದಾಗ ಸೈತಾನನಿಗೂ ಪವಿತ್ರ ಗ್ರಂಥದ ವಾಕ್ಯ ಸಿಕ್ಕಿತ್ತಲ್ಲವೇ?

ಹೇಳಿಕೊಟ್ಟ ಸಾಕ್ಷಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅಂದು ಆ ವೃದ್ಧೆಗೆ ನಾನು ಮಾಡಿದ್ದು ಅದನ್ನೇ. ಅವರು ಕಂಡದ್ದು ಒಂದು, ನಾನು ಹೇಳಿಕೊಟ್ಟದ್ದು ಇನ್ನೊಂದು.

ಹಾಗೆಂದು ಸಾಕ್ಷಿ ಕಣ್ಣು ಮುಚ್ಚಿಕೊಂಡು ಕುಳಿತರೆ ಆಗುತ್ತದೆಯೇ? ಇಲ್ಲ. ಸಂತ ಥಾಮಸ್ ಅಕ್ವಿನಾಸರು ಎರಡು ಮಾತುಗಳನ್ನು ಒಟ್ಟಿಗೆ ಕಲಿಸಿದರು. ಒಂದು, ಆತ್ಮಸಾಕ್ಷಿಯ ತೀರ್ಪನ್ನು ಮೀರಿ ನಡೆಯುವುದು ತಪ್ಪು; ಅದು ತಿಳಿಯದೆ ಎಡವಿದ್ದಾಗಲೂ ಸಹ. ಎರಡು, ತಿಳಿದುಕೊಳ್ಳಬೇಕಾದ್ದನ್ನು ಅಸಡ್ಡೆಯಿಂದ ತಿಳಿದುಕೊಳ್ಳದೆ ಎಡವಿದರೆ, 'ನನ್ನ ಆತ್ಮಸಾಕ್ಷಿ ಹಾಗೆ ಹೇಳಿತು' ಎಂಬುದು ಕ್ಷಮೆಗೆ ಕಾರಣವಾಗದು. ಕತ್ತಲಲ್ಲಿ ನಿಂತು ನೋಡಿದವನ ಸಾಕ್ಷ್ಯಕ್ಕೆ ಬೆಲೆಯೆಷ್ಟು? ಅಭ್ಯರ್ಥಿಯ ನಡತೆ, ಹಿಂದೆ ಅವನು ಮಾಡಿದ ಕೆಲಸ, ಮುಂದೆ ಮಾಡುತ್ತೇನೆನ್ನುವ ಕೆಲಸ, ಅದರಿಂದ ಬಡವರ ಮನೆಯ ಒಲೆಗೆ ಆಗುವ ಪರಿಣಾಮ, ಇವನ್ನೆಲ್ಲ ಬೆಳಕಿನಲ್ಲಿ ನೋಡಬೇಕು. 1969ರಲ್ಲಿ ರೆಡ್ಡಿಯವರನ್ನು ಹೀನಾಯವಾಗಿ ನಿಂದಿಸುವ ಅನಾಮಧೇಯ ಕರಪತ್ರವೊಂದು ಮತದಾರರ ಕೈಗೆ ಬಂತು. ಚುನಾವಣೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ರಾಷ್ಟ್ರಪತಿ ಗಿರಿಯವರು ತಾವೇ ಬಂದು ಸಾಕ್ಷ್ಯ ನುಡಿದರು. 1970ರಲ್ಲಿ ಅರ್ಜಿ ವಜಾ ಆಯಿತು. ಅಂದು ಕರಪತ್ರ, ಇಂದು ಮೊಬೈಲಿನಲ್ಲಿ ಹೆಸರಿಲ್ಲದೆ ಬರುವ ಸಂದೇಶ. ಬರೆದವನ ಹೆಸರಿಲ್ಲದ ನಿಂದೆಯನ್ನು ನಂಬಿ ಒಬ್ಬನನ್ನು ತಿರಸ್ಕರಿಸುವುದು, ಅದನ್ನು ಹತ್ತು ಜನರಿಗೆ ಕಳುಹಿಸುವುದು, ಸುಳ್ಳುಸಾಕ್ಷಿ ಹೇಳಬಾರದೆಂಬ ದೇವರ ಕಟ್ಟಳೆಯನ್ನೇ ಮುರಿದಂತೆ.

ಈಗ ಆ ಅಣ್ಣತಂಗಿಯರ ಪ್ರಶ್ನೆಗೆ ಬರೋಣ. ಇಬ್ಬರಲ್ಲಿ ಯಾರು ಕಂಡದ್ದು ನಿಜ? ಇಬ್ಬರು ಕಂಡದ್ದೂ ನಿಜ. ನಾನು ಮೇಲೆ ಹೇಳಿದ ವ್ಯಾಟಿಕನ್ ಮಹಾಸಭೆಯ ಪ್ರಮಾಣಪತ್ರದಲ್ಲೇ ಮಾನವ ಜೀವಕ್ಕೂ ಘನತೆಗೂ ವಿರುದ್ಧವಾದ ಅಪರಾಧಗಳನ್ನು ಸಾಲಾಗಿ ಹೆಸರಿಸಿದ ಒಂದು ಭಾಗವಿದೆ. ಕೊಲೆ, ಭ್ರೂಣಹತ್ಯೆ, ಗುಲಾಮಗಿರಿ, ಮನುಷ್ಯರು ಬಾಳಲಾಗದಂಥ ಬದುಕಿನ ಸ್ಥಿತಿ, ಜನರನ್ನು ನೆಲೆಯಿಂದ ಹೊರಗಟ್ಟುವುದು ಇವೆಲ್ಲ ಅಲ್ಲಿ ಒಂದೇ ಸಾಲಿನಲ್ಲಿವೆ. ಅಣ್ಣನ ಕಣ್ಣು ಆ ಸಾಲಿನ ಒಂದು ತುದಿಯಲ್ಲಿತ್ತು, ತಂಗಿಯ ಕಣ್ಣು ಇನ್ನೊಂದು ತುದಿಯಲ್ಲಿತ್ತು.

ಎಲ್ಲ ವಿಷಯಗಳ ತೂಕವೂ ಒಂದೇ ಎಂದು ಇದರ ಅರ್ಥವಲ್ಲ. ಅಮೆರಿಕದ ಧರ್ಮಾಧ್ಯಕ್ಷರು ವಿಶ್ವಾಸಿಗಳಿಗೆ ಕೊಟ್ಟ ಮಾರ್ಗದರ್ಶನದಲ್ಲಿ ಭ್ರೂಣಹತ್ಯೆಯಿಂದ ಬರುವ ಅಪಾಯವನ್ನು ತಮ್ಮ ಅಗ್ರ ಆದ್ಯತೆ ಎಂದು ಕರೆದರು. ಆದರೆ ಅದೊಂದೇ ವಿಷಯ ಎನ್ನಲಿಲ್ಲ. ಯಾವ ಅಭ್ಯರ್ಥಿಯ ಹೆಸರನ್ನೂ ಹೇಳಲಿಲ್ಲ. 2004ರಲ್ಲಿ, ಮುಂದೆ ಜಗದ್ಗುರು ಹದಿನಾರನೇ ಬೆನೆಡಿಕ್ಟರಾದ ಕಾರ್ಡಿನಲ್ ರಾಟ್ಸಿಂಗರ್ ಅವರು ಇದನ್ನು ಇನ್ನಷ್ಟು ಬಿಡಿಸಿ ತಿಳಿಸಿದ್ದರು. ಭ್ರೂಣಹತ್ಯೆಗೆ ಅವಕಾಶ ಕೊಡುತ್ತಾನೆಂಬ ಕಾರಣಕ್ಕೇ ಒಬ್ಬ ಅಭ್ಯರ್ಥಿಗೆ ಮತ ಹಾಕಿದರೆ ಆ ಕೇಡಿನಲ್ಲಿ ನಾವೂ ಪಾಲುದಾರರು. ಆ ನಿಲುವನ್ನು ಒಪ್ಪದೆ, ಬೇರೆ ಕಾರಣಗಳಿಗಾಗಿ ಅವನಿಗೆ ಮತ ಹಾಕಿದರೆ ಅದು ದೂರದ ಸಂಬಂಧ. ಅದಕ್ಕೆ ಸಮತೂಕದ ಗಂಭೀರ ಕಾರಣವಿದ್ದರೆ ಅವಕಾಶವುಂಟು. ಅಂದರೆ, 'ಯಾರಿಗೆ ಹಾಕಿದೆ' ಎಂಬ ಪ್ರಶ್ನೆಯ ಹಿಂದೆ 'ಯಾಕೆ ಹಾಕಿದೆ' ಎಂಬ ಪ್ರಶ್ನೆಯಿದೆ. 'ಆ ಕಾರಣ ಅಷ್ಟು ತೂಕದ್ದೇ' ಎಂಬ ಪ್ರಶ್ನೆಯೂ ಇದೆ.

ಆ ತಾಯಿ ನನ್ನ ಬಳಿ ಬರುವುದಕ್ಕೆ ಕೆಲವೇ ವಾರಗಳ ಹಿಂದೆ, 2024ರ ಸೆಪ್ಟೆಂಬರ್ 13ರಂದು, ಜಗದ್ಗುರು ಫ್ರಾನ್ಸಿಸರು ಸಿಂಗಪುರದಿಂದ ರೋಮಿಗೆ ಮರಳುತ್ತಿದ್ದಾಗ ವಿಮಾನದಲ್ಲಿ ಪತ್ರಕರ್ತರು ಇದೇ ಪ್ರಶ್ನೆಯನ್ನು ಕೇಳಿದ್ದರು. ವಲಸೆಗಾರರನ್ನು ಹೊರಗಟ್ಟುವುದೂ ಗರ್ಭದ ಶಿಶುವನ್ನು ಕೊಲ್ಲುವುದೂ ಎರಡೂ ಜೀವಕ್ಕೆ ವಿರುದ್ಧವೆಂದು ಅವರು ಖಂಡತುಂಡವಾಗಿ ಹೇಳಿದರು. ಆದರೂ ಮತ ಹಾಕಬೇಕು, ಎರಡು ಕೇಡುಗಳಲ್ಲಿ ಕಡಿಮೆಯದನ್ನು ಆರಿಸಬೇಕು ಎಂದರು. ಅದು ಯಾವುದು? ತನಗೆ ತಿಳಿಯದು, ಪ್ರತಿಯೊಬ್ಬರೂ ತಮ್ಮ ಆತ್ಮಸಾಕ್ಷಿಯಲ್ಲಿ ಯೋಚಿಸಿ ತೀರ್ಮಾನಿಸಲಿ ಎಂದರು. ಇಡೀ ಧರ್ಮಸಭೆಯ ಮೇಷಪಾಲಕರೇ ವಿಶ್ವಾಸಿಗಳ ಮತವನ್ನು ಕೈಯಿಂದ ಕಸಿಯಲಿಲ್ಲ. ಅಂದಮೇಲೆ ಒಂದು ಧರ್ಮಕೇಂದ್ರದ ಗುರು ಕಸಿಯುವುದೇ?

ಕಡಿಮೆ ಕೇಡನ್ನು ಆರಿಸುವುದೆಂದರೆ ಕೇಡಿಗೆ ಜೈಕಾರ ಹಾಕುವುದಲ್ಲ. ರಾಷ್ಟ್ರಪತಿ ಚುನಾವಣೆಯ ಎರಡನೇ ಪ್ರಾಶಸ್ತ್ಯವನ್ನು ನೆನೆಯಿರಿ. ನಮ್ಮ ಮನಸ್ಸಿನ ಮೊದಲನೆಯ ಅಭ್ಯರ್ಥಿ ಪಟ್ಟಿಯಲ್ಲಿಲ್ಲದಿರಬಹುದು, ಅಥವಾ ಸೋತಿರಬಹುದು. ಆಗ 'ಇನ್ನು ಯಾರಾದರೂ ಬರಲಿ, ನನಗೇನು' ಎಂದು ಕಾಗದ ಮಡಚಿಡುವುದು ಸುಲಭ. ಆದರೆ ಉಳಿದವರಲ್ಲಿ ಯಾರಿಂದ ನೆರೆಯವನಿಗೆ ಕಡಿಮೆ ನೋವು ಎಂದು ಯೋಚಿಸಿ ಎರಡನೇ ಗುರುತು ಹಾಕುವುದೂ ನೆರೆಯವನ ಮೇಲಿನ ಪ್ರೀತಿಯೇ. ಆಮೇಲೆ, ಗೆದ್ದವನು ತಪ್ಪು ಮಾಡಿದಾಗ 'ನಾನು ನಿನಗೆ ಮತ ಕೊಟ್ಟದ್ದು ಇದಕ್ಕಲ್ಲ' ಎಂದು ಹೇಳುವ ಹೊಣೆಯೂ ನಮ್ಮದು. ಮತ ಹಾಕಿದವನು ಅಭ್ಯರ್ಥಿಯ ಆಳಾಗುವುದಿಲ್ಲ.

ಪವಿತ್ರ ಗ್ರಂಥದಲ್ಲಿ ಆರಿಸುವ ಘಟನೆಗಳು ಅನೇಕ. ಮೂರನ್ನು ಮಾತ್ರ ನೆನಪಿಸುತ್ತೇನೆ.

ವಿಮೋಚನಾಕಾಂಡದ 18ನೇ ಅಧ್ಯಾಯದಲ್ಲಿ ಮೋಶೆಗೆ ಅವನ ಮಾವ ಇತ್ರೋ ಜನನಾಯಕರನ್ನು ಆರಿಸುವ ಬಗೆಯನ್ನು ತಿಳಿಸಿದ. ಅವನು ನಾಲ್ಕು ಅಳತೆಗಳನ್ನು ಕೊಟ್ಟ: ಕೆಲಸ ಬಲ್ಲವರು, ದೇವರಿಗೆ ಅಂಜುವವರು, ನಂಬಿಕೆಗೆ ಯೋಗ್ಯರು, ಲಂಚವನ್ನು ದ್ವೇಷಿಸುವವರು. ಲಂಚ ತೆಗೆದುಕೊಳ್ಳದವರು ಎಂದಷ್ಟೇ ಹೇಳಲಿಲ್ಲ, ದ್ವೇಷಿಸುವವರು ಎಂದ. ಈ ನಾಲ್ಕರಲ್ಲಿ ಜಾತಿಯಿಲ್ಲ, ಭಾಷೆಯಿಲ್ಲ, 'ನಮ್ಮವನು' ಎಂಬ ಮಾತೇ ಇಲ್ಲ.

ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯದಲ್ಲಿ ಯೂದನ ಸ್ಥಾನಕ್ಕೆ ಇಬ್ಬರು ಅಭ್ಯರ್ಥಿಗಳು: ಬಾರ್ಸಬ್ಬ ಎನಿಸಿಕೊಂಡ ಜೋಸೆಫ ಮತ್ತು ಮತ್ತೀಯ. ಪೇತ್ರ ಮೊದಲು ಅಳತೆಯನ್ನು ಹೇಳಿದ. ಆಮೇಲೆ ಹೆಸರುಗಳು ಬಂದವು. ಆಮೇಲೆ ಎಲ್ಲರೂ ಹೃದಯಗಳನ್ನು ಬಲ್ಲ ಪ್ರಭುವಿಗೆ ಪ್ರಾರ್ಥಿಸಿದರು. ನಾವು ತಲೆಕೆಳಗು ಮಾಡುತ್ತೇವೆ. ಮೊದಲು ಹೆಸರು ಹಿಡಿಯುತ್ತೇವೆ, ಆಮೇಲೆ ಆ ಹೆಸರಿಗೆ ಹೊಂದುವ ಅಳತೆ ಹೊಲಿಸುತ್ತೇವೆ. ಪ್ರಾರ್ಥನೆಗೆ ಸಮಯವೇ ಉಳಿಯುವುದಿಲ್ಲ. ಇನ್ನೊಂದು ಸಂಗತಿ: ಚೀಟಿ ಮತ್ತೀಯನಿಗೆ ಬಂತು. ಸೋತ ಜೋಸೆಫ ಬೇರೆ ಗುಂಪು ಕಟ್ಟಿದನೆಂದು ಅಲ್ಲಿ ಬರೆದಿಲ್ಲ.

ಮೂರನೆಯದು ಪಿಲಾತನ ಅಂಗಳ. ಯೇಸು ಮತ್ತು ಬರಬ್ಬ, ಇಬ್ಬರಲ್ಲಿ ಒಬ್ಬರನ್ನು ಬಿಡಬೇಕು. ಜನಸಮೂಹ ಬರಬ್ಬನನ್ನು ಕೇಳಿತು. ಅವರಿಗೆ ಹೇಳಿಕೊಟ್ಟವರು ಮುಖ್ಯಯಾಜಕರು. ಧರ್ಮದ ಹೆಸರಿನಲ್ಲಿ ಹೇಳಿಕೊಟ್ಟ ಸಾಕ್ಷಿ ಎಲ್ಲಿಗೆ ಒಯ್ಯುತ್ತದೆಂಬುದನ್ನು ಗುರುಗಳಾದ ನಾವು ಪ್ರತಿ ಶುಭ ಶುಕ್ರವಾರ ನಡುಗುತ್ತಾ ಓದಬೇಕು. ಸತ್ಯ ತಿಳಿದಿದ್ದ ಪಿಲಾತನೋ ನೀರು ತರಿಸಿ ಕೈ ತೊಳೆದುಕೊಂಡ. ಮತದಾನದ ದಿನ ರಜೆಯೆಂದು ಮಲಗುವವರು, 'ಎಲ್ಲರೂ ಕಳ್ಳರೇ' ಎಂದು ಮನೆಯಲ್ಲಿ ಕೂರುವವರು ತಮ್ಮ ಕೈ ಶುದ್ಧವೆಂದು ತಿಳಿಯುತ್ತಾರೆ. ಪಿಲಾತನೂ ಹಾಗೆಯೇ ತಿಳಿದಿದ್ದ. ಆದರೆ ಶತಮಾನಗಳಿಂದ ನಾವು ವಿಶ್ವಾಸಸಂಗ್ರಹ ಹೇಳುವಾಗಲೆಲ್ಲ ಅವನ ಹೆಸರನ್ನು ಹೇಳುತ್ತಲೇ ಇದ್ದೇವೆ.

ಆ ಸಂಜೆ ಆ ತಾಯಿಗೆ ಇದೆಲ್ಲವನ್ನೂ ಇಷ್ಟು ಉದ್ದಕ್ಕೆ ಹೇಳಲಿಲ್ಲ. ಕೊನೆಗೆ ಒಂದು ಕೆಲಸ ಮಾತ್ರ ಹೇಳಿದೆ: "ಅಮ್ಮಾ, ಯಾರು ಸರಿ ಅಂತ ಅವರಿಗೆ ಹೇಳಬೇಡಿ. ಮಗನಿಗೆ ಹೇಳಿ, ತಂಗಿಯ ಪರವಾಗಿ ಇರುವ ಒಳ್ಳೆಯ ಕಾರಣ ಏನು ಅಂತ ಅವನು ಒಂದು ಹಾಳೆ ಬರೆದು ನಿಮಗೆ ಕಳಿಸಲಿ. ಮಗಳೂ ಅಣ್ಣನ ಪರವಾಗಿ ಒಂದು ಹಾಳೆ ಬರೆಯಲಿ. ವ್ಯಂಗ್ಯ ಇರಬಾರದು. ಎರಡನ್ನೂ ನೀವು ಓದಿ, ಅದಲುಬದಲು ಮಾಡಿ ಕಳಿಸಿ."

ಇದು ಯಾಕೆ? ಎದುರಾಳಿಯ ಪರವಾಗಿ ನಿಜ ಹೇಳಬಲ್ಲವನು ಮಾತ್ರ ಸಾಕ್ಷಿ. ತನ್ನ ಪರವಾಗಿ ಮಾತ್ರ ಹೇಳಬಲ್ಲವನು ವಕೀಲ.

ಆ ತಾಯಿಗೆ ಅಷ್ಟೊಂದು ನಂಬಿಕೆ ಬಂದಂತೆ ಕಾಣಲಿಲ್ಲ. "ನೋಡ್ತೀನಿ ಸ್ವಾಮಿ" ಎಂದು ಹೊರಟರು. ನವೆಂಬರ್ 5ರಂದು ಅಮೆರಿಕದಲ್ಲಿ ಚುನಾವಣೆ ನಡೆಯಿತು. ಟ್ರಂಪ್ ಅವರು ಗೆದ್ದದ್ದು ನಿಮಗೆಲ್ಲ ತಿಳಿದಿದೆ. ನಾನು ಆ ತಾಯಿಯನ್ನು ಏನೂ ಕೇಳಲಿಲ್ಲ. ಆಗಮನ ಕಾಲದ ಒಂದು ಭಾನುವಾರ ಪೂಜೆಯ ನಂತರ ಅವರೇ ಬಂದರು. ಮಗಳ ಹಾಳೆ ಬೇಗ ಬಂದಿತಂತೆ. ಮಗ ಬರೆಯಲು ಮೂರು ವಾರ ತೆಗೆದುಕೊಂಡನಂತೆ. ಇಬ್ಬರೂ ತಮ್ಮ ಮತ ಬದಲಿಸಲಿಲ್ಲ. ಆದರೆ ತಂಗಿ ಬರೆದ ಹಾಳೆಯಲ್ಲಿ ಒಂದು ಸಂಗತಿಯಿತ್ತು. ಬಹಳ ಹಿಂದೆ ಅಣ್ಣನ ಹೆಂಡತಿ ಗರ್ಭದಲ್ಲೇ ಒಂದು ಮಗುವನ್ನು ಕಳೆದುಕೊಂಡಿದ್ದಳು. ಆ ಮಗುವಿಗೆ ಅಣ್ಣ ಹೆಸರಿಟ್ಟಿದ್ದ. 'ಅವನು ಮತ ಹಾಕುವಾಗ ಆ ಹೆಸರು ಅವನ ನೆನಪಿನಲ್ಲಿರುತ್ತದೆ, ಅದನ್ನು ನಾನು ಮರೆತಿದ್ದೆ' ಎಂದು ಅವಳು ಬರೆದಿದ್ದಳು. ಅಣ್ಣ ಬರೆದದ್ದು ಎರಡೇ ಸಾಲು: ತಾವಿಬ್ಬರೂ ಹೊರಗಿನಿಂದ ಹೋದವರೇ ಎಂಬುದು ತಂಗಿಗೆ ನೆನಪಿದೆ, ತನಗೆ ಮರೆತುಹೋಗಿತ್ತು ಎಂದು.

"ಈ ಭಾನುವಾರ ಮೂರೂ ಜನ ಒಂದೇ ಸಲ ಮಾತಾಡಿದ್ವಿ ಸ್ವಾಮಿ" ಎಂದರು ಆ ತಾಯಿ. "ಚುನಾವಣೆ ವಿಷಯ ಬಂತಾ ಅಮ್ಮಾ?" ಎಂದೆ. "ಬಂತು. ಮತ್ತೆ ಜಗಳ ಆಡಿದ್ರು. ಆದ್ರೆ ಫೋನು ಇಡಲಿಲ್ಲ" ಎಂದು ನಕ್ಕರು. ಅವರ ಮಕ್ಕಳ ಕಥೆಯನ್ನು ಹೆಸರಿಲ್ಲದೆ ಇಲ್ಲಿ ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ.

ಪ್ರಿಯ ಸಹೋದರ ಸಹೋದರಿಯರೇ, ಚುನಾವಣೆಗಳು ಬರುತ್ತವೆ, ಹೋಗುತ್ತವೆ. 1969ರಲ್ಲಿ ಸೋತ ಸಂಜೀವ ರೆಡ್ಡಿಯವರು 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು. ಅಂದು ಅವರ ಪರವಾಗಿ, ವಿರುದ್ಧವಾಗಿ ಮಾತು ಬಿಟ್ಟು ಕೂತ ಮನೆಗಳು ಎಷ್ಟಿದ್ದವೋ! ಅಭ್ಯರ್ಥಿಗಳು ತಮ್ಮ ತಮ್ಮಲ್ಲಿ ಎಂದೋ ರಾಜಿಯಾಗುತ್ತಾರೆ. ಅವರಿಗಾಗಿ ಮುರಿದ ನಮ್ಮ ಮನೆಗಳು ಮಾತ್ರ ಮುರಿದೇ ಇರುತ್ತವೆ. ಹಾಗಾಗಬಾರದು.

ಮುಂದಿನ ಬಾರಿ ಯಾವುದೇ ಚುನಾವಣೆ ಬಂದಾಗ, ಅದು ದೇಶದ್ದಾಗಲಿ, ಊರಿನದ್ದಾಗಲಿ, ನಮ್ಮ ಧರ್ಮಕೇಂದ್ರದ ಪಾಲನಾ ಸಮಿತಿಯದ್ದೇ ಆಗಲಿ, ಮತ ಹಾಕುವ ಹಿಂದಿನ ರಾತ್ರಿ ಕುಟುಂಬ ಪ್ರಾರ್ಥನೆಯ ನಂತರ ಐದು ನಿಮಿಷ ಮೌನವಾಗಿದ್ದು ಈ ಪ್ರಶ್ನೆಗಳನ್ನು ಕೇಳಿಕೊಳ್ಳೋಣ:

ನಾನು ಮೊದಲು ಅಳತೆಯನ್ನು ನೋಡಿದೆನೇ, ಇಲ್ಲ ಹೆಸರನ್ನು ಹಿಡಿದೆನೇ?

ಈ ಅಭ್ಯರ್ಥಿಯ ಬಗ್ಗೆ ನನಗೆ ತಿಳಿದಿರುವುದರಲ್ಲಿ ಕಂಡದ್ದೆಷ್ಟು, ಕೇಳಿದ್ದೆಷ್ಟು, ಹೆಸರಿಲ್ಲದವರು ಹೇಳಿದ್ದೆಷ್ಟು?

ನನಗೆ ಲಾಭವಿಲ್ಲದಿದ್ದರೂ, ನಷ್ಟವೇ ಆದರೂ ಇವರನ್ನೇ ಆರಿಸುತ್ತಿದ್ದೆನೇ?

ನನ್ನ ಮತದಿಂದ, ಮಾತಾಡಲು ಬಾಯಿಲ್ಲದವರಿಗೆ, ಅಂದರೆ ಗರ್ಭದ ಕೂಸಿಗೆ, ಮನೆಯಿಲ್ಲದವನಿಗೆ, ಪರಊರಿನ ಕೂಲಿಯವನಿಗೆ, ಏನಾಗುತ್ತದೆ?

ನನಗಿಂತ ಬೇರೆಯಾಗಿ ಮತ ಹಾಕುವ ನನ್ನ ಅಣ್ಣ, ತಂಗಿ ಅಥವಾ ನೆರೆಯವರ ಪರವಾಗಿ ಒಂದು ಒಳ್ಳೆಯ ಮಾತನ್ನು ನಾನು ಹೇಳಬಲ್ಲೆನೇ?

ಮತಗಟ್ಟೆಯ ಪರದೆಯ ಹಿಂದೆ ಗಂಡ ಹೆಂಡತಿಯ ಜೊತೆ ಬರುವಂತಿಲ್ಲ, ಪಕ್ಷದವರು ಬರುವಂತಿಲ್ಲ, ಗುರುವೂ ಬರುವಂತಿಲ್ಲ. ಅಲ್ಲಿ ನಾವು ಒಬ್ಬರೇ ಎಂದುಕೊಳ್ಳುತ್ತೇವೆ. ಆದರೆ ನಮ್ಮೊಳಗಿನ ಸಾಕ್ಷಿ ಅಲ್ಲಿದ್ದಾನೆ. ಆ ಸಾಕ್ಷಿಯನ್ನು ಒಂದು ದಿನ ಕರೆದು ಕೇಳುವ ನ್ಯಾಯಾಧಿಪತಿಯೂ ಅಲ್ಲಿದ್ದಾನೆ. ಅಂದು ನನ್ನ ಮಾತಿಗೆ ಹೆದರಿ ಮತ ಹಾಕಿದ ಆ ವೃದ್ಧೆ ಈಗ ಪ್ರಭುವಿನ ಸನ್ನಿಧಿ ಸೇರಿದ್ದಾರೆ. ಅವರ ಹೆಸರಿನಲ್ಲಿ ಪೂಜೆ ಅರ್ಪಿಸುವಾಗಲೆಲ್ಲ ನಾನು ಅವರ ಕ್ಷಮೆ ಕೇಳುತ್ತೇನೆ.

ಹೃದಯಗಳನ್ನು ಅರಿಯುವ ಪ್ರಭುವೇ, ನಮ್ಮೊಳಗಿನ ಸಾಕ್ಷಿಯನ್ನು ಭಯದಿಂದಲೂ ಆಸೆಯಿಂದಲೂ ಬಿಡಿಸು. ಕಂಡದ್ದನ್ನು ಕಂಡಂತೆ ಹೇಳುವ ಧೈರ್ಯವನ್ನು ಕೊಡು. ನಮ್ಮಿಂದ ಬೇರೆಯಾಗಿ ಕಂಡವರನ್ನೂ ಪ್ರೀತಿಸುವ ಮನಸ್ಸನ್ನು ಕೊಡು. ಆಮೆನ್.